ಹಣ್ಣು ಸುಡುವ ಕಾರ್ಯಕ್ರಮ

ಬೆಳಿಗ್ಗೆ ಏಳಕ್ಕೇ ಬೆವರು ಒರೆಸಿಕೊಳ್ಳುವ ಊರು ನಮ್ಮ ಮಂಗಳೂರು. ಇಲ್ಲಿ ಕೂತು ತಿಂಡಿಗೆ ಬಿಸಿಬಿಸಿ ಹಣ್ಣು ಬೇಕಂತೆ ಇವರಿಗೆ!

ಮೊಬೈಲಲ್ಲಿ ನೋಡಿದ್ದು. ಗ್ರೇಪ್‌ಫ್ರೂಟನ್ನು ಅಡ್ಡಕ್ಕೆ ಕೊಯ್ದು, ಚೂರಿ ತುದಿಯಲ್ಲಿ ತೊಳೆ ಬಿಡಿಸಿ, ಕಂದು ಸಕ್ಕರೆ ಉದುರಿಸಿ, ಓವನ್ನಿನ ಮೇಲಿನ ರಾಡಿನ ಕಾವಿಗೆ ಐದಾರು ನಿಮಿಷ ಇಡುವುದು. ಅಮೆರಿಕದವರು ತಿಂಡಿಗೂ ತಿನ್ನುತ್ತಾರೆ, ಊಟದ ಮೇಲಿನ ಸಿಹಿಗೂ. ಇವರಿಗೆ ಗ್ರೇಪ್‌ಫ್ರೂಟ್ ಸಿಗಲಿಲ್ಲ, ಚಕ್ಕೋತ ತಂದರು. "ಗ್ರೇಪ್‌ಫ್ರೂಟಿನ ಅಮ್ಮ ಇದೇ, ಗೊತ್ತುಂಟಾ?" ಚಕ್ಕೋತ, ಕಿತ್ತಳೆ ಬೆರೆತು ಅದು ಹುಟ್ಟಿದ್ದು ನಿಜವೇ. ಆದರೆ ಮಗಳ ರವಿಕೆ ಅಮ್ಮನಿಗೆ ಆಗ್ತದಾ? ಬೆರಳು ದಪ್ಪದ ಸಿಪ್ಪೆಯ ಆ ಹೋಳು ರಾಡಿಗೆ ತಲೆ ತಾಗಿಸಿಕೊಂಡೇ ಕೂತಿತು. ಕಂದು ಸಕ್ಕರೆಯ ಬದಲು ಓಲೆಬೆಲ್ಲ ತುರಿದು ಹಾಕಿದೆ.

ಆಮೇಲೆ ಶುರುವಾಯಿತು ಇವರ ಬಾಗಿಲು ತೆಗೆಯುವ ಕೆಲಸ. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು, ಎಣಿಸಿದ್ದನ್ನೇ ಎಣಿಸದಿದ್ದರೆ ಸಮಾಧಾನ ಇಲ್ಲ. ಮಂಡಿ ಹಿಡಿದು ಬಗ್ಗುವುದು. ಓವನ್ ತೆಗೆಯುವುದು. ಕನ್ನಡಕಕ್ಕೆ ಹಬೆ ಹಿಡಿದು "ಎಂತದೂ ಕಾಣುವುದಿಲ್ಲ ಮಾರಾಯ್ತಿ" ಎನ್ನುವುದು. ಲುಂಗಿಯಲ್ಲಿ ಒರೆಸಿಕೊಂಡು ಮತ್ತೆ ತೆಗೆಯುವುದು. ಬಾಗಿಲಿಗೆ ಗಾಜು ಇರುವುದು ನೋಡ್ಲಿಕ್ಕೇ ಅಲ್ವಾ ಅಂದರೆ, "ಗಾಜಲ್ಲಿ ಬಣ್ಣ ಸರಿ ಗೊತ್ತಾಗುವುದಿಲ್ಲ!" ಜತೆಗೆ ವರದಿ ಬೇರೆ. "ಬೆಲ್ಲ ಕರಗ್ತಾ ಉಂಟು." "ಗುಳ್ಳೆ ಬಂತು." "ಗುಳ್ಳೆ ಹೋಯ್ತು." ಹೋಗದೆ ಏನು? ಒಳಗಿನ ಕಾವೆಲ್ಲ ಅಡುಗೆಮನೆಗೆ ಬಂದಾಗಿತ್ತು. ಮೇಲಿನ ಬೆಲ್ಲ ಕಂದಾಗಿ ಗರಿಗರಿ ಆಗಬೇಕಾದರೆ ಕಾವು ಒಂದೇ ಸಮ ಇರಬೇಕು. ನಮ್ಮದು ಪಾನಕವಾಗಿ ತಟ್ಟೆಗೆ ಇಳಿಯಿತು. ಹಣ್ಣು ಅರ್ಧ ಬೆಂದಿತು, ನಾನು ಪೂರ್ತಿ.

ಸುಳ್ಳು ಹೇಳಬಾರದು, ಮೊದಲ ತೊಳೆ ಚೆನ್ನಾಗಿಯೇ ಇತ್ತು. ಹುಳಿ, ಚೂರು ಕಹಿ, ಓಲೆಬೆಲ್ಲದ ಹೊಗೆ ಪರಿಮಳ. ಕೆಮ್ಮು ಬಂದರೆ ಅಜ್ಜಿ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಲಿಂಬೆ ಹುಗಿದಿಡುತ್ತಿದ್ದರು. ಅದರ ರಸಕ್ಕೆ ಜೇನು ಸೇರಿಸಿ ಬೆರಳಲ್ಲಿ ನೆಕ್ಕಿಸುತ್ತಿದ್ದರು. ಆ ಬೆರಳಿಗೂ ಬೂದಿಯ ವಾಸನೆ. ಅದು ಬಿಡಿ, ಆ ಒಲೆಗೆ ಬಾಗಿಲೇ ಇರಲಿಲ್ಲ.

ಇವರು ಇನ್ನೊಂದು ಹೋಳಿಗೆ ಚಮಚ ಹಾಕುವಾಗ ಮಗಳ ಫೋನ್ ಬಂತು. ವಿಷಯ ಕೇಳಿದ್ದೇ ಕಿರುಚಿದಳು. "ಅಪ್ಪ ಕೊಲೆಸ್ಟ್ರಾಲಿಗೆ ಮಾತ್ರೆ ತಗೊಳ್ತಾರಲ್ಲಮ್ಮಾ? ಗ್ರೇಪ್‌ಫ್ರೂಟ್, ಚಕ್ಕೋತ ಕೆಲವು ಮಾತ್ರೆಗಳಿಗೆ ಆಗುವುದಿಲ್ಲ. ರಕ್ತದಲ್ಲಿ ಮದ್ದಿನ ಅಂಶ ಜಾಸ್ತಿ ಆಗ್ತದೆ. ಡಾಕ್ಟರತ್ರ ಕೇಳದೆ ಕೊಡಬೇಡ!"

ಇವರು ಚಮಚ ಕೆಳಗಿಟ್ಟರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಮೂಸಂಬಿ ಸುಡಬಹುದಾ ಕೇಳು."