ಕನ್ನಡಕ ತೆಗೆದು ನೋಡಿ

ಸಂಗೀತದ ಪತ್ರಿಕೆಗಳು ಸಾಲಾಗಿ ಕಂಡರೆ ನಾನು ಮೊದಲು ಮಾಡುವ ಕೆಲಸ ಕನ್ನಡಕ ತೆಗೆಯುವುದು. ಎಲ್ಲ ಮಸುಕು. ಮುಖಪುಟದಲ್ಲಿ ಯಾರಿದ್ದಾರೋ ತಿಳಿಯದು, ಹೆಸರೂ ಓದಲಾಗದು. ಆದರೂ ಯಾವುದರೊಳಗೆ ಯಾವ ಸಂಗೀತ ಅಂತ ಸುಮಾರಾಗಿ ಹೇಳಿಬಿಡಬಹುದು. ಕಪ್ಪು, ಕೆಂಪು ಸೇರಿಸಿ ಉಸಿರಾಡಲೂ ಜಾಗವಿಲ್ಲದಂತೆ ತುರುಕಿದ್ದರೆ ಮೆಟಲ್, ಅಂದರೆ ಅಬ್ಬರದ ರಾಕ್. ಗುಲಾಬಿ, ಹಳದಿಗಳೆಲ್ಲ ಒಟ್ಟಿಗೆ ಹಲ್ಲು ಕಿರಿಯುತ್ತಿದ್ದರೆ ಪಾಪ್. ಕಾಗದಕ್ಕೆ ದನಿಯಿಲ್ಲ ಅಲ್ವಾ? ಅದಕ್ಕೇ ಬಣ್ಣ, ಅಕ್ಷರಗಳೇ ಕೂಗಬೇಕು.

ಬ್ರಿಟನ್ನಿನ ಮೆಟಲ್ ಪತ್ರಿಕೆ 'ಕೆರಾಂಗ್!' 1981ರಲ್ಲಿ ಶುರುವಾಯಿತು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಜೋರಾಗಿ ಬಾರಿಸಿದರೆ ಏಳುವ ಸದ್ದೇ ಅದರ ಹೆಸರು. ಹೆಸರಿನ ಅಕ್ಷರಗಳಲ್ಲಿ ಗಾಜು ಒಡೆದ ಹಾಗೆ ಬಿರುಕು. ಅದೇ ದೇಶದ 'ಗ್ರಾಮಫೋನ್' 1923ರದು. ಅದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದೇ ಕೃತಿಯ ನಾಲ್ಕು ರೆಕಾರ್ಡಿಂಗ್ ಪಕ್ಕಪಕ್ಕ ಇಟ್ಟು ತೂಗಿ ನೋಡುವವರಿಗೆ. ಅವರಿಗೆ ಬೇಕಾದದ್ದು ಕಣ್ಣಿಗೆ ಆಯಾಸ ಕೊಡದ, ನಿಧಾನದ ಓದು. ಇವೆರಡರ ಅಕ್ಷರಗಳನ್ನು ಸುಮ್ನೆ ಅದಲು ಬದಲು ಮಾಡಿ ನೋಡಿ. ಬಿರುಕು ಬಿಟ್ಟ ಅಕ್ಷರದಲ್ಲಿ ಬೀಥೋವನ್! ಛಾಪಖಾನೆಯಲ್ಲಿ ಏನೋ ಅಪಘಾತವಾಗಿದೆ ಅಂದುಕೊಳ್ಳುತ್ತಾರೆ ಓದುಗರು. ಬೀಥೋವನ್‌ಗೇನೋ ಅದು ಇಷ್ಟವೇ ಆಗುತ್ತಿತ್ತು ಅಂತ ನನ್ನ ಗುಮಾನಿ.

1978ರಲ್ಲಿ ಬಂದ 'ಸ್ಮ್ಯಾಶ್ ಹಿಟ್ಸ್' ಜನಪ್ರಿಯ ಹಾಡುಗಳ ಸಾಲುಗಳನ್ನೇ ಅಚ್ಚು ಹಾಕುತ್ತಿತ್ತು. ಹದಿಹರೆಯದವರ ಪತ್ರಿಕೆ. ಓದುವುದು ಕಡಿಮೆ, ಕತ್ತರಿಸುವುದು ಜಾಸ್ತಿ. ಪಿನ್ನು ಬಿಚ್ಚಿ ಚಿತ್ರ ತೆಗೆದು ಗೋಡೆಗೆ ಅಂಟಿಸಿದರೆ ಪತ್ರಿಕೆ ಸಾರ್ಥಕ.

ನನಗೆ ತುಂಬ ಇಷ್ಟವಾದದ್ದು ಪಂಕ್ ಎಂಬ ಒರಟು ರಾಕ್ ಸಂಗೀತದ ಕಾಲದ್ದು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆ ಶುರು ಮಾಡಿದ. ಟೈಪ್‌ರೈಟರಿನಲ್ಲಿ ಕುಟ್ಟಿದ ಬರಹ, ಸ್ಕೆಚ್ ಪೆನ್ನಿನಲ್ಲಿ ಗೀಚಿದ ತಲೆಬರಹ. ತಪ್ಪಾದರೆ ಅಡ್ಡಗೆರೆ ಎಳೆದು ಮುಂದೆ ಹೋಗುವುದು. ಮೂರೇ ಸ್ವರ ಗೊತ್ತಿದ್ದರೂ ವೇದಿಕೆ ಹತ್ತುತ್ತಿದ್ದ ಹುಡುಗರ ಸಂಗೀತಕ್ಕೆ ಇದಕ್ಕಿಂತ ಒಪ್ಪುವ ಉಡುಪು ಯಾವುದಿದೆ? ಕೈಯಲ್ಲಿ ದುಡ್ಡಿರಲಿಲ್ಲ, ಅದೇ ಒಂದು ಶೈಲಿಯಾಯಿತು. ಆಮೇಲೆ ದುಡ್ಡಿದ್ದವರು ಕಲಾವಿದರಿಗೆ ಸಂಬಳ ಕೊಟ್ಟು ಅದೇ ಬಡತನವನ್ನು ಬರೆಸಿಕೊಂಡರು.

ಇನ್ನೊಬ್ಬ ಭೂಪ ಅಮೆರಿಕದ ಡೇವಿಡ್ ಕಾರ್ಸನ್. 'ರೇ ಗನ್' ಎಂಬ ಸಂಗೀತ ಪತ್ರಿಕೆಗೆ ವಿನ್ಯಾಸಗಾರನಾಗಿದ್ದ. ಅಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು, ಪದಗಳು ಪುಟದ ಅಂಚಿನಿಂದ ಕೆಳಗೆ ಬೀಳುತ್ತಿದ್ದವು. 1994ರಲ್ಲಿ ಗಾಯಕ ಬ್ರಯಾನ್ ಫೆರಿಯ ಸಂದರ್ಶನವೊಂದು ಅವನ ಕೈಗೆ ಬಂತು. ಓದಿ ನೋಡಿದ, ಬೋರು ಹೊಡೆಯಿತು. ಇಡೀ ಬರಹವನ್ನು ಝಾಫ್ ಡಿಂಗ್‌ಬ್ಯಾಟ್ಸ್ ಫಾಂಟಿಗೆ ಬದಲಾಯಿಸಿಬಿಟ್ಟ! ಅದರಲ್ಲಿ ಅಕ್ಷರವೇ ಇಲ್ಲ, ಬರೀ ನಕ್ಷತ್ರ, ಬಾಣ, ಹೂವು, ಕತ್ತರಿಯಂಥ ಚಿಹ್ನೆಗಳು. ಬರೆದವನ ಗತಿ ನೆನೆದರೆ ಅಯ್ಯೋ ಅನಿಸುತ್ತದೆ. ಅದೇ ಸಂಚಿಕೆಯ ಕೊನೆಯಲ್ಲಿ ಓದಲು ಬರುವಂತೆಯೂ ಹಾಕಿದ್ದರು, ನಿಜ. ಆದರೆ ಜನ ಇವತ್ತಿಗೂ ಮಾತಾಡುವುದು ಓದಲಾಗದ ಆ ಪುಟಗಳ ಬಗ್ಗೆಯೇ.

ಅವುಗಳ ಮುಂದೆ ಮಾತ್ರ ನನ್ನ ಉಪಾಯ ನಡೆಯುವುದಿಲ್ಲ. ಕನ್ನಡಕ ತೆಗೆದರೂ ಅಷ್ಟೇ, ಹಾಕಿದರೂ ಅಷ್ಟೇ.