ಕರೆಂಟ್ ಹೋದರೆ ಎಲ್ಲಿಂದ ಶುರು?

ನಾನು ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಹನ್ನೊಂದು ವರ್ಷ ಆಯಿತು. ಸರಕು ಸಾಗಣೆ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ದಿನವೂ ಮಾಡುವ ಒಂದೇ ಥರದ ಟೈಪಿಂಗ್ ಕೆಲಸವನ್ನು ಕಂಪ್ಯೂಟರೇ ಮಾಡುವ ಹಾಗೆ ಟೂಲ್‌ಗಳನ್ನು ಹಾಕುವುದು ನಮ್ಮ ಆಫೀಸಿನಲ್ಲಿ ಈಗ ಜಾಸ್ತಿ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅದನ್ನೇ ಮಾವನ ಅಡತ್ ಅಂಗಡಿಯಲ್ಲೂ (ರೈತರ ಮಾಲು ಮಾರಿಸಿಕೊಡುವ ಅಂಗಡಿ) ಮಾಡಿ ನೋಡಿದೆ. ಹತ್ತಿ ಬರುವ ಕಾಲ. ತೂಕದ ಚೀಟಿ ನೋಡಿ ಎಕ್ಸೆಲ್‌ಗೆ ಒಮ್ಮೆ, ಬಿಲ್ಲಿನ ಸಾಫ್ಟ್‌ವೇರಿಗೆ ಇನ್ನೊಮ್ಮೆ, ಒಂದೇ ಸಾಲನ್ನು ಎರಡು ಸಲ ಬಡಿಯುತ್ತಿದ್ದರು.

ಹಾಕಿದ್ದು ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಅನ್ನುವ ಟೂಲ್‌ನ ಡೆಸ್ಕ್‌ಟಾಪ್ ಆವೃತ್ತಿ. ವಿಂಡೋಸ್ 10 ಇದ್ದವರಿಗೆ 2021ರ ಮಾರ್ಚ್‌ನಿಂದ ಇದು ಉಚಿತ. ರೆಕಾರ್ಡರ್ ಒತ್ತಿ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ, ಯಾವ ಬಟನ್, ಯಾವ ಖಾನೆ ಅಂತ ನೆನಪಿಟ್ಟುಕೊಳ್ಳುತ್ತದೆ. ಜೊತೆಗೆ ಆಟೊಹಾಟ್‌ಕೀ ಅನ್ನುವ ಇನ್ನೊಂದು ಟೂಲ್. ‘ಎಂವಿ’ ಅಂತ ಎರಡು ಅಕ್ಷರ ಒತ್ತಿದರೆ ಮಾನ್ವಿ ತಾಲೂಕು ಅಂತ ಪೂರ್ತಿ ಬರುವ ಹಾಗೆ ಮಾಡಿಕೊಟ್ಟೆ. (ಇದನ್ನು ಹಾಕುವವರು ಒಂದು ನೆನಪಿಡಿ: 2022ರ ಡಿಸೆಂಬರ್‌ನಲ್ಲಿ ಇದರ ಎರಡನೇ ಆವೃತ್ತಿ ಬಂತು. ಹಳೆಯ ಆವೃತ್ತಿಗೆ ಬರೆದ ಸ್ಕ್ರಿಪ್ಟ್‌ಗಳು (ಟೂಲ್‌ಗೆ ಬರೆದುಕೊಡುವ ಆದೇಶಗಳು) ಅದರಲ್ಲಿ ಸಾಮಾನ್ಯವಾಗಿ ಹಾಗೇ ಓಡುವುದಿಲ್ಲ.)

ಅಂಗಡಿಯ ಗುಮಾಸ್ತ ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂವತ್ತು ವರ್ಷ ಪಟ್ಟಿ ಬರೆದ ಕೈ. ಪರದೆಯ ಮೇಲೆ ಖಾನೆಗಳು ತಾವಾಗೇ ತುಂಬುವುದನ್ನು ಸುಮ್ಮನೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ನಡುವೆ ಕರೆಂಟ್ ಹೋದ್ರ ಇದು ಎಲ್ಲಿಂದ ಸುರು ಮಾಡ್ತದಪ್ಪ?”

ನನ್ನಲ್ಲಿ ಉತ್ತರ ಇರಲಿಲ್ಲ. ಮತ್ತೆ ಓಡಿಸಿದರೆ ಅದು ಮೊದಲ ಸಾಲಿನಿಂದಲೇ ಶುರು ಮಾಡುತ್ತಿತ್ತು. ಅಂದರೆ ಒಬ್ಬ ರೈತನ ಹತ್ತಿಗೆ ಎರಡು ಬಿಲ್.

ಈ ಪ್ರಶ್ನೆಯನ್ನು ನಮ್ಮ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿ ಟೂಲ್ ಮಾಡುವವರೇ ಬೇರೆ, ದಿನಾ ಆ ಕೆಲಸ ಮಾಡುವವರೇ ಬೇರೆ. ಅರ್ಧ ದಿನ ಬಂದು ನೋಡಿ, ಮಾಡಿಕೊಟ್ಟು ಹೋದರು. ಒಂದು ದಿನ ಪರದೆಯ ಮೇಲೆ ಯಾವುದೋ ಅಪ್‌ಡೇಟ್ ಕಿಟಕಿ ಬಂದು ಕೂತಿತು. ಅಲ್ಲಿಂದ ಮುಂದೆ ಲಾರಿ ನಂಬರ್‌ಗಳೆಲ್ಲ ತೂಕದ ಖಾನೆಗೆ ಹೋದವು. ಗೊತ್ತಾಗಿದ್ದು ಸಂಜೆ. ಸರಿಮಾಡಲು ನಾವು ನಾಲ್ಕು ಜನ ಎರಡು ದಿನ ಕೂತೆವು. ದೊಡ್ಡ ಊರಿನ ರೀತಿಯಲ್ಲಿ ನನಗೆ ಬೇಸರ ತರುವುದು ಇದೇ. ಕೆಲಸ ಗೊತ್ತಿದ್ದವರನ್ನು ಕೊನೆಗೆ ಕೇಳುತ್ತಾರೆ, ಅದೂ ಕೆಟ್ಟ ಮೇಲೆ.

ರಾಯಚೂರಿನಲ್ಲಿ ಬೇರೆ ತೊಡಕೂ ಇತ್ತು. ರೈತರ ಹೆಸರಿನ ಹಳೆಯ ಪಟ್ಟಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿತ್ತು. ನಮ್ಮ ಕಣ್ಣಿಗೆ ‘ಬಸವರಾಜ’, ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು. ಕಂಪ್ಯೂಟರಿಗೂ ಕನ್ನಡ ಅಕ್ಷರವಾಗಿಯೇ ತಿಳಿಯುವ ಯೂನಿಕೋಡ್‌ಗೆ ಬದಲಾಯಿಸುವವರೆಗೆ ಹೆಸರು ಹುಡುಕುವುದೇ ಆಗಲಿಲ್ಲ. ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ, ಆಫೀಸುಗಳಲ್ಲಿ ಇಂಥ ಫೈಲುಗಳು ಇನ್ನೂ ಹಾಗೇ ಇರುತ್ತವೆ ಅಲ್ವಾ? ಮೊದಲು ಆ ಕೆಲಸ ಆಗಬೇಕು. ಟೂಲ್ ಆಮೇಲೆ.

ಕಾಕಾನ ಪ್ರಶ್ನೆಗೆ ದಾರಿ ಸಿಕ್ಕಿದ್ದು ಮರುದಿನ. ಎಕ್ಸೆಲ್‌ನಲ್ಲಿ ‘ಆಯಿತು’ ಅಂತ ಒಂದು ಖಾನೆ ಸೇರಿಸಿದೆ. ಒಂದು ಬಿಲ್ ಸೇವ್ ಆದ ಕೂಡಲೇ ಆ ಸಾಲಿಗೆ ಗುರುತು ಬೀಳುತ್ತದೆ, ಎಕ್ಸೆಲ್ ಫೈಲೂ ಆಗಲೇ ಸೇವ್ ಆಗುತ್ತದೆ. ಗುರುತು ಇರುವ ಸಾಲನ್ನು ಟೂಲ್ ಬಿಟ್ಟು ಮುಂದೆ ಹೋಗುತ್ತದೆ. ಪರೀಕ್ಷೆಗೆ ಅಂತ ಹದಿನೇಳನೇ ಸಾಲಿಗೆ ಗುರುತು ಬಿದ್ದ ಮೇಲೆ ಸ್ವಿಚ್ ಆಫ್ ಮಾಡಿದೆವು. ಮತ್ತೆ ಹಾಕಿದಾಗ ಹದಿನೆಂಟರಿಂದ ಶುರುವಾಯಿತು. ಕಾಕಾ ನನ್ನ ಬೆನ್ನು ತಟ್ಟಿದರು. ಆದರೆ ಇನ್ನೂ ಒಂದು ಕೇಳಿದರು: “ಉಳಿಸು ಅನ್ನೋ ಬಟನ್ ನನಗ ಬಿಡು.”

ಬಿಟ್ಟುಕೊಟ್ಟೆ. ಈಗ ಟೂಲ್ ಖಾನೆಗಳನ್ನೆಲ್ಲ ತುಂಬಿ ನಿಲ್ಲುತ್ತದೆ. ಕಾಕಾ ಎದುರಿಗೆ ಕೂತ ರೈತನಿಗೆ ತೂಕ, ದರ, ಹಮಾಲಿ ಮೂರನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ರೈತ “ಹೌದ್ರಿ” ಅಂದ ಮೇಲೆ ಕಾಕಾ ಬಟನ್ ಒತ್ತುತ್ತಾರೆ.