ಹಂದಿ ತಿಂದ ನಾಲ್ಕು ಇಂಚು

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ, ಅದು ಮುಗಿದ ಮೇಲಿನ ಭಾನುವಾರ ಕೇರಿಯವರಿಗೆಲ್ಲ ನಮ್ಮಲ್ಲೇ ಊಟ ಅಂತ ಬಾಯಿ ಬಿಟ್ಟವನು ನಾನೇ. ನಾಟಿ ಮುಗಿದಿತ್ತು, ಕೊಟ್ಟಿಗೆಯ ಪಕ್ಕದಲ್ಲಿ ಹನ್ನೊಂದು ತಿಂಗಳು ಸಾಕಿದ ಹಂದಿ ಇತ್ತು. ಒಟ್ಟು 80 ಜನ. ಹೇಳಿಕೆ ಕೊಟ್ಟಾಗ ‘ಸೌದೆ ಒಡೆಯೋಕೆ ಎಷ್ಟು ಹೊತ್ತಿಗೆ ಬರಲಿ’ ಅಂತ ಒಬ್ಬರಾದರೂ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದು ಒಂದೇ ಮಾತು: ‘ಕೊಬ್ಬು ತೆಗೆಸ್ತೀರಲ್ವಾ?’

ಕೊಬ್ಬು ತೆಗೆದ ಮೇಲೆ ಉಳಿಯೋದೇನು ಸ್ವಾಮಿ? ಕೋಳಿ ತಿನ್ನಿ. ಹನ್ನೊಂದು ತಿಂಗಳು ಕೆಸುವಿನ ದಂಟು ಕೊಚ್ಚಿ, ತೌಡು ಸೇರಿಸಿ ಬೇಯಿಸಿ ಹಾಕಿದ್ದು ಆ ಕೊಬ್ಬಿಗಾಗಿಯೇ. ಇನ್ನೊಬ್ಬನದು ಬೇರೆ ರಾಗ. ‘ಏನೇ ಹೇಳಿ, ಕಾಡುಹಂದಿ ರುಚಿ ಬರಲ್ಲ.’ ಬೇಟೆಗೆ ಕಡಿವಾಣ ಹಾಕಿದ ವನ್ಯಜೀವಿ ಕಾಯ್ದೆ 1972ರಲ್ಲಿ ಬಂದಾಗ ಈ ಮಹಾಶಯ ತೊಟ್ಟಿಲಲ್ಲಿದ್ದ. ಯಾವ ಕಾಡುಹಂದಿ, ಯಾವ ರುಚಿ!

ಇರಲಿ. ನನ್ನ ತಲೆನೋವು ತೂಕದ್ದು. ತಲೆಗೆ ಅರ್ಧ ಕಿಲೋ ಸಾಕು ಅಂದಳು ಹೆಂಡತಿ. ಮುಕ್ಕಾಲು ಇಲ್ಲದಿದ್ದರೆ ಮರ್ಯಾದೆ ಹೋಗುತ್ತೆ ಅಂದ ಭಾವ. ಮರ್ಯಾದೆಯ ಲೆಕ್ಕದಲ್ಲಿ 60 ಕಿಲೋ ಮಾಂಸ ಬೇಕು. ನಮ್ಮ ಹಂದಿಯಲ್ಲಿ ಅಷ್ಟಿದೆಯಾ? ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದಲೇ ಒಮ್ಮೆ ನೋಡಿ, ‘ಎಪ್ಪತ್ತೈದು’ ಅಂದು ಎಲೆ ಅಡಿಕೆ ಉಗುಳಿ ಹೋದರು. ನನಗೆ ನಂಬಿಕೆ ಬರಲಿಲ್ಲ. ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಹಂದಿಯನ್ನು ಕೂರಿಸುವುದು ಆಗದ ಮಾತು. ಮೆಣಸು ಕೊಳ್ಳುವವನ ತಕ್ಕಡಿ ತರಿಸೋಣ ಅಂದರೆ, ಅದರಲ್ಲಿ ಏನಿಟ್ಟರೂ ಮೂರು ಕಿಲೋ ಕಮ್ಮಿ.

ಟೇಪಿನಲ್ಲಿ ಅಳೆದು ತೂಕ ಹೇಳುವ ಲೆಕ್ಕ ಒಂದಿದೆ. ಮುಂಗಾಲಿನ ಹಿಂದೆ ಎದೆಸುತ್ತು ಎಷ್ಟು ಇಂಚು ನೋಡಬೇಕು. ಅದನ್ನು ಅದರಿಂದಲೇ ಗುಣಿಸಿ, ಕಿವಿಬುಡದಿಂದ ಬಾಲದ ಬುಡದವರೆಗಿನ ಉದ್ದದಿಂದ ಮತ್ತೆ ಗುಣಿಸಿ, 400ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳು ಒಳಗಿದ್ದಾಗ ಸುಮ್ನೆ ಟೇಪು ಎತ್ತಿಕೊಂಡು ಹೋದೆ.

ಬಾನಿಗೆ ತೌಡು ಸುರಿದೆ. ಹಂದಿ ತಲೆ ತಗ್ಗಿಸಿದ ಕೂಡಲೇ ಉದ್ದ ಅಳೆದೆ, 46 ಇಂಚು. ಎದೆಸುತ್ತಿಗೆ ಅಂತ ಹೊಟ್ಟೆಯಡಿ ಟೇಪು ತೂರಿಸಿದರೆ ಧೊಪ್ಪನೆ ಕೂತುಬಿಟ್ಟಿತು. ಎಳೆದೆ, ಬರಲಿಲ್ಲ. ಬೆನ್ನು ಕೆರೆದೆ, ಎದ್ದಿತು. ಟೇಪಿನ ತುದಿ ತೌಡಿಗೆ ಬಿತ್ತು. ಅದು ತೌಡಿನ ಜೊತೆ ಟೇಪನ್ನೂ ಅಗಿಯಿತು. ತುದಿಯ ಹಿತ್ತಾಳೆ ಪಟ್ಟಿ ಸಮೇತ ನಾಲ್ಕು ಇಂಚು ಹೋಯಿತು. ನಾನೂ ಹಟಕ್ಕೆ ಬಿದ್ದೆ. ಉಳಿದದ್ದನ್ನು ಸುತ್ತಿ ನೋಡಿದರೆ 42. ಕಾಗದದ ಮೇಲೆ ಲೆಕ್ಕ ಹಾಕಿ, ಪೌಂಡನ್ನು ಕಿಲೋಗೆ ತಿರುಗಿಸಿದೆ. 92 ಕಿಲೋ! ನೂರಕ್ಕೆ ಎಪ್ಪತ್ತು ಪಾಲು ಮಾಂಸ ಅಂತ ಹಿಡಿದರೂ 64. ಟೇಪಿನ ತುದಿಯನ್ನು ಕತ್ತರಿಯಿಂದ ನೇರ ಮಾಡಿ, ಒರೆಸಿ, ಹೊಲಿಗೆ ಪೆಟ್ಟಿಗೆಯಲ್ಲಿಟ್ಟೆ. ಅಜ್ಜನಿಗೆ ಹೋಗಿ ‘ತೊಂಬತ್ತೆರಡು’ ಅಂತ ಹೇಳಿಯೂ ಬಂದೆ.

ಊಟಕ್ಕೆ ಎರಡು ದಿನ ಇದೆ ಅನ್ನುವಾಗ ಎದುರು ಮನೆಯ ಅಕ್ಕ ಹೊಸ ಬ್ಲೌಸ್ ಹಿಡಿದು ಬಂದರು. ಹುಕ್ ಹಾಕೋದಿರಲಿ, ಕೈಯೇ ತೂರುತ್ತಿಲ್ಲ. ಹೆಂಡತಿ ಅಳತೆಯ ನೋಟ್‌ಬುಕ್ ನೋಡಿದಳು. ಬ್ಲೌಸ್ ನೋಡಿದಳು. ಟೇಪು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಬೈಗುಳದ ನಡುವೆಯೇ ನನಗೆ ಹೊಳೆದದ್ದು: ಹಂದಿಯ ಸುತ್ತು 42 ಅಲ್ಲ, 38. ಮತ್ತೆ ಗುಣಿಸಿ ಭಾಗಿಸಿದೆ. ಎಪ್ಪತ್ತೈದು ಕಿಲೋ, ಒಂದು ಚೂರು ಹೆಚ್ಚಿಲ್ಲ. ಮಾಂಸ 52. ಮರ್ಯಾದೆಗೆ ಎಂಟು ಕಿಲೋ ಕೊರತೆ. ‘ತಲೆಗೆ ಅರ್ಧ ಕಿಲೋ ಅಂತ ನಾನು ಆವತ್ತೇ ಹೇಳಿರಲಿಲ್ವಾ?’ ಅಂದಳು.

ಊಟ ಚೆನ್ನಾಗಿಯೇ ಆಯಿತು. ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಹದವಾಗಿ ಬಿದ್ದಿತ್ತು. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮೊದಲು ಖಾಲಿ. ಕೊಬ್ಬು ತೆಗೆಸಿ ಅಂದವರೆಲ್ಲ ಸೌಟಿನವನಿಗೆ ‘ತೊಗಲಿರೋ ತುಂಡು ನೋಡಿ ಹಾಕಪ್ಪ’ ಅಂತ ಪಿಸುಗುಟ್ಟುತ್ತಿದ್ದರು. ಅಜ್ಜ ತೂಕದ ಮಾತೇ ಎತ್ತಲಿಲ್ಲ. ಅದೇ ಜಾಸ್ತಿ ಉರಿಸಿತು. ಮನೆಯಲ್ಲಿ ಸಾಕಿ ಊರಿಗೆ ಬಡಿಸುವುದರ ಬಗ್ಗೆ ಏನೋ ಒಂದು ದೊಡ್ಡ ಮಾತು ಬರೆಯೋಣ ಅಂತ ಕೂತಿದ್ದೆ, ಟೇಪಿನ ಜೊತೆ ಅದೂ ಹೋಯಿತು.

ಹೊಸ ಮರಿ ಬಂದಿದೆ. ಹೊಸ ಟೇಪೂ ಬಂದಿದೆ, ಬೀರುವಿನಲ್ಲಿ ಬೀಗದೊಳಗೆ. ಮೊನ್ನೆ ಕೇಳಿ ನೋಡಿದೆ.

‘ಹಂದಿ ಅಳೆಯೋಕೆ ನಿಮ್ಮ ಬೆಲ್ಟ್ ಇದೆಯಲ್ಲ,’ ಅಂದಳು. ‘ಸುತ್ತು ಸರಿಹೋಗುತ್ತೆ.’